ಮನೆಗೆ ನೀರು ನುಗ್ಗಿದರೆ, ಒಡವೆ ಕಳುವಾದರೆ, ಹಣ ಮೋಸ ಹೋದರೆ: ಅಮೆರಿಕದ ತೆರಿಗೆಯಲ್ಲಿ ನಷ್ಟ ಕಳೆಯುವುದು ಹೇಗೆ?

2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಬಾಲ ನ್ಯೂಜೆರ್ಸಿ ಮೇಲೆ ಹಾದುಹೋಯಿತು. ಎಡಿಸನ್‌ನಲ್ಲಿರುವ ನಮ್ಮ ಮನೆಯ ಬೇಸ್‌ಮೆಂಟ್‌ನಲ್ಲಿ ಸೊಂಟದ ತನಕ ನೀರು ನಿಂತಿತ್ತು. ಫರ್ನೆಸ್, ವಾಟರ್ ಹೀಟರ್, ಕಾರ್ಪೆಟ್, ಗೋಡೆಯ ಡ್ರೈವಾಲ್ ಎಲ್ಲ ಹೋಯಿತು. ಅಮ್ಮ ಕೊಟ್ಟಿದ್ದ ರೇಷ್ಮೆ ಸೀರೆಗಳಿದ್ದ ಸೂಟ್‌ಕೇಸ್ ನೀರಲ್ಲಿ ತೇಲುತ್ತಿತ್ತು. ನಮಗೆ ಮನೆ ಇನ್ಶೂರೆನ್ಸ್ ಇತ್ತು, ಆದರೆ ಪ್ರವಾಹಕ್ಕೆ ಬೇರೆ ಪಾಲಿಸಿ ಬೇಕು ಅನ್ನುವುದು ಅವತ್ತಿನವರೆಗೆ ತಲೆಗೇ ಹೋಗಿರಲಿಲ್ಲ.

ಮರುವರ್ಷ ತೆರಿಗೆ ಮಾಡಿಕೊಟ್ಟವರು ಲೆಕ್ಕ ಹಾಕಿ, "ಇದರಿಂದ ನಿಮಗೆ ಏನೂ ಸಿಗಲ್ಲ" ಅಂದರು. ಆಗಿನ ಕಾನೂನಿಗೆ ಅವರ ಮಾತು ಸರಿಯೇ. ಆದರೆ 2024ರ ಡಿಸೆಂಬರ್‌ನಲ್ಲಿ ಕಾನೂನು ಹಿಂದಿನ ವರ್ಷಗಳಿಗೂ ಅನ್ವಯಿಸುವ ಹಾಗೆ ಬದಲಾಯಿತು. 2025ರ ಫೆಬ್ರವರಿಯಲ್ಲಿ ನಾವು ತಿದ್ದುಪಡಿ ರಿಟರ್ನ್ ಕಳಿಸಿ, ಹತ್ತಿರ ಹತ್ತಿರ ನಾಲ್ಕು ಸಾವಿರ ಡಾಲರ್ ವಾಪಸ್ ಪಡೆದೆವು. ನಮ್ಮ ಬೀದಿಯಲ್ಲೇ ಇದು ಗೊತ್ತಾಗದೆ ಅವಧಿ ಮುಗಿಸಿಕೊಂಡ ಮನೆಗಳಿವೆ. ಆ ಸಂಕಟ ನನಗೆ ಇನ್ನೂ ಹೋಗಿಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಾನೂನು ಎಲ್ಲಿ ನಿಂತಿದೆ ನೋಡೋಣ

2017ರವರೆಗೆ ಮನೆಯಲ್ಲಿ ಕಳ್ಳತನವಾದರೂ ಬೆಂಕಿ ಬಿದ್ದರೂ ಒಂದು ಮಿತಿಯ ಮೇಲಿನ ನಷ್ಟವನ್ನು ತೆರಿಗೆ ಬೀಳುವ ಆದಾಯದಿಂದ ಯಾರು ಬೇಕಾದರೂ ಕಳೆಯಬಹುದಿತ್ತು. 2017ರ ಕೊನೆಯಲ್ಲಿ ಬಂದ ತೆರಿಗೆ ಕಾನೂನು ಆ ಬಾಗಿಲು ಮುಚ್ಚಿತು. 2018ರಿಂದ ಸ್ವಂತ ಬಳಕೆಯ ಆಸ್ತಿಗೆ ಆದ ನಷ್ಟ ಕಳೆಯಬೇಕೆಂದರೆ, ಅದು ಅಧ್ಯಕ್ಷರು ಘೋಷಿಸಿದ ವಿಕೋಪದಿಂದಲೇ ಆಗಿರಬೇಕು. 2025ಕ್ಕೆ ಈ ನಿರ್ಬಂಧ ಮುಗಿಯುತ್ತದೆ ಅಂತ ಎಲ್ಲರೂ ಕಾಯುತ್ತಿದ್ದೆವು. ಮುಗಿಯಲಿಲ್ಲ. 2025ರ ಜುಲೈ 4ರಂದು ಸಹಿಯಾದ ಕಾನೂನು ಅದನ್ನು ಖಾಯಂ ಮಾಡಿತು. ಒಂದು ಸಮಾಧಾನ ಮಾತ್ರ ಕೊಟ್ಟಿತು: 2026ರ ತೆರಿಗೆ ವರ್ಷದಿಂದ ರಾಜ್ಯ ಮಟ್ಟದಲ್ಲಿ ಘೋಷಣೆಯಾದ ಕೆಲವು ವಿಕೋಪಗಳೂ ಲೆಕ್ಕಕ್ಕೆ ಬರುತ್ತವೆ. ಚಂಡಮಾರುತ, ಭೂಕಂಪ, ಭೂಕುಸಿತದಂಥ ನೈಸರ್ಗಿಕ ವಿಕೋಪ ಸರಿ. ಬೆಂಕಿ, ಪ್ರವಾಹ, ಸ್ಫೋಟವಾದರೆ ಕಾರಣ ಏನೇ ಇದ್ದರೂ ಸರಿ. ಆದರೆ ಗವರ್ನರ್ ಒಬ್ಬರು ಹೇಳಿದರೆ ಸಾಲದು, ಖಜಾನೆ ಕಾರ್ಯದರ್ಶಿಯೂ ಒಪ್ಪಬೇಕು.

ಹಾಗಾಗಿ ನಿಮ್ಮ ನಷ್ಟ ಎಷ್ಟು ಅಂತ ಕೂಡಿಸುವುದಕ್ಕೆ ಮುಂಚೆ, ಅದು ಯಾವ ಗುಂಪಿಗೆ ಸೇರುತ್ತದೆ ಅಂತ ನೋಡಿಕೊಳ್ಳಿ. ಘೋಷಿತ ವಿಕೋಪದಿಂದ ಆದದ್ದಾ? ಮಾಮೂಲಿ ಕಳ್ಳತನವಾ? ಲಾಭಕ್ಕೆಂದು ಹೂಡಿದ ಹಣ ಮೋಸ ಹೋದದ್ದಾ? ಬಾಡಿಗೆಗೆ ಕೊಟ್ಟ ಮನೆಗೋ ವ್ಯಾಪಾರಕ್ಕೋ ಆದದ್ದಾ? ಒಂದೊಂದಕ್ಕೂ ದಾರಿ ಬೇರೆ.

ಇನ್ನೊಂದು ಮಾತು. ನಷ್ಟ ಹಠಾತ್ತಾಗಿ, ಅನಿರೀಕ್ಷಿತವಾಗಿ ಆಗಿರಬೇಕು. ಗೆದ್ದಲು ತಿಂದ ತೊಲೆ, ವರ್ಷಗಟ್ಟಲೆ ಸೋರಿ ಕೊಳೆತ ಗೋಡೆ, ಕೈಜಾರಿ ಒಡೆದ ಪಿಂಗಾಣಿ, ನಾಯಿ ಹರಿದ ಸೋಫಾ ಇವು ಯಾವುವೂ ಬರುವುದಿಲ್ಲ. ಎಲ್ಲೋ ಇಟ್ಟು ಮರೆತ ಉಂಗುರ ಕಳ್ಳತನವಲ್ಲ.

ಒಡವೆ ಕಳುವಾದವರಿಗೆ, ಮನಸ್ಸು ಗಟ್ಟಿಮಾಡಿಕೊಂಡು ಹೇಳುವ ಮಾತು

ಕನ್ನಡ ಕೂಟದಲ್ಲಿ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಭಾರತೀಯರ ಮನೆಗಳಲ್ಲಿ ಚಿನ್ನ ಇರುತ್ತದೆ ಅನ್ನುವುದು ಇಲ್ಲಿನ ಕಳ್ಳರಿಗೆ ಚೆನ್ನಾಗಿ ಗೊತ್ತು. ಹಬ್ಬಕ್ಕೆಂದು ಲಾಕರ್‌ನಿಂದ ತಂದು ವಾಪಸ್ ಇಡುವ ಮುಂಚೆ ಬಾಗಿಲು ಒಡೆದಿರುತ್ತಾರೆ. ಪರಿಚಯದ ಅಕ್ಕ ಒಬ್ಬರು ಫೋನ್ ಮಾಡಿ, "ಪೊಲೀಸ್ ರಿಪೋರ್ಟ್ ಇದೆ, ಫೋಟೋ ಇದೆ, ತೆರಿಗೆಯಲ್ಲಾದರೂ ಸ್ವಲ್ಪ ಕಳೆಯಬಹುದಲ್ವಾ?" ಅಂತ ಕೇಳಿದರು. ಇಲ್ಲ ಅನ್ನಬೇಕಾಯಿತು. ಮಾಮೂಲಿ ಕಳ್ಳತನದ ನಷ್ಟಕ್ಕೆ 2018ರಿಂದ ಫೆಡರಲ್ ತೆರಿಗೆಯಲ್ಲಿ ಡಿಡಕ್ಷನ್ ಇಲ್ಲ.

ಎರಡು ಸಣ್ಣ ಕಿಂಡಿಗಳಿವೆ. ಒಂದು, ಘೋಷಿತ ವಿಕೋಪದಿಂದಾಗಿ ಆದ ಕಳ್ಳತನ. ಬೆಂಕಿಗೋ ಚಂಡಮಾರುತಕ್ಕೋ ಮನೆ ಬಿಟ್ಟು ಹೋದಾಗ ಲೂಟಿಯಾದರೆ ಅದು ವಿಕೋಪದ ನಷ್ಟದ ಜೊತೆ ಸೇರಬಹುದು. ಇನ್ನೊಂದು, ಅದೇ ವರ್ಷ ನಿಮಗೆ ಬೇರೆ ಆಸ್ತಿಗೆ ಇನ್ಶೂರೆನ್ಸ್‌ನಿಂದ ಅದರ ಅಸಲಿಗಿಂತ (ಸಾಮಾನ್ಯವಾಗಿ ಕೊಂಡ ಬೆಲೆಗಿಂತ) ಜಾಸ್ತಿ ಹಣ ಬಂದು "ಕ್ಯಾಶುಯಲ್ಟಿ ಗೇನ್" ಆಗಿದ್ದರೆ, ಆ ಲಾಭಕ್ಕೆ ಎದುರಾಗಿ ಕಳ್ಳತನದ ನಷ್ಟವನ್ನು ಹೊಂದಿಸಬಹುದು.

ಆ ಕಿಂಡಿಯಲ್ಲಿ ದಾರಿ ಸಿಕ್ಕರೂ ಇವತ್ತಿನ ಚಿನ್ನದ ಬೆಲೆ ಕಳೆಯುವಂತಿಲ್ಲ. ನಿಮ್ಮ ಅಸಲು ಎಷ್ಟೋ ಅದೇ ಮಿತಿ. 2009ರಲ್ಲಿ ಬೆಂಗಳೂರಿನ ಅವೆನ್ಯೂ ರೋಡಿನಲ್ಲಿ ಒಂದೂವರೆ ಲಕ್ಷ ರೂಪಾಯಿಗೆ ಒಂದು ಸರ ತಗೊಂಡಿರಿ ಅನ್ನೋಣ. ಆಗ ಡಾಲರ್‌ಗೆ ಸುಮಾರು 48 ರೂಪಾಯಿ. ಅಸಲು ಸುಮಾರು 3,100 ಡಾಲರ್, ಅಷ್ಟೇ. ಮದುವೆಗೆ ಅಪ್ಪ ಅಮ್ಮ ಕೊಟ್ಟದ್ದಾದರೆ ಸಾಮಾನ್ಯವಾಗಿ ಅವರು ಕೊಟ್ಟ ಬೆಲೆಯೇ ನಿಮ್ಮ ಅಸಲು. ಅಜ್ಜಿ ತೀರಿಕೊಂಡ ಮೇಲೆ ಪಾಲಿಗೆ ಬಂದದ್ದಾದರೆ ಅವರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆ.

ಆದ್ದರಿಂದ ಚಿನ್ನಕ್ಕೆ ನಿಜವಾದ ರಕ್ಷಣೆ ತೆರಿಗೆಯಲ್ಲಿಲ್ಲ, ಇನ್ಶೂರೆನ್ಸ್‌ನಲ್ಲಿದೆ. ಮಾಮೂಲಿ ಹೋಮ್ ಪಾಲಿಸಿಗಳಲ್ಲಿ ಕಳುವಾದ ಒಡವೆಗೆ ಬಹಳ ಕಡಿಮೆ ಮಿತಿ ಇರುತ್ತದೆ. ಒಡವೆಯನ್ನು ಒಂದೊಂದಾಗಿ ಪಟ್ಟಿ ಮಾಡಿ ಬೆಲೆ ಹಾಕಿಸಿ ಸೇರಿಸುವ ಹೆಚ್ಚುವರಿ ಕವರ್ ಕೇಳಿ. ಅದನ್ನು ಮಾಡಿಸಿದ ಮೇಲೇ ಈ ಬರಹದ ಉಳಿದ ಭಾಗ ಓದಿದರೂ ನನಗೆ ಬೇಜಾರಿಲ್ಲ.

ವಿಕೋಪದ ನಷ್ಟ: ಘೋಷಣೆಯಾಗಿದೆಯಾ, ಯಾವ ಬಗೆಯದು?

ವಿಕೋಪ ಪರಿಹಾರ ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಫೆಮಾದ ವೆಬ್‌ಸೈಟಿನಲ್ಲಿ ವಿಕೋಪ ಘೋಷಣೆಗಳ ಪಟ್ಟಿ ಇದೆ. ರಾಜ್ಯ, ವರ್ಷ ಹಾಕಿ ಹುಡುಕಿ. ನಿಮ್ಮ ಕೌಂಟಿಯ ಹೆಸರು ಅದರಲ್ಲಿದೆಯಾ ನೋಡಿ. ಅಲ್ಲಿ ಸಿಗುವ ಸಂಖ್ಯೆ ಬರೆದಿಟ್ಟುಕೊಳ್ಳಿ, ಫಾರ್ಮ್‌ನಲ್ಲಿ ಬೇಕು. ಐಡಾಗೆ ನ್ಯೂಜೆರ್ಸಿಯಲ್ಲಿ ನಮ್ಮದು ಡಿಆರ್-4614. ನಮ್ಮ ಮಿಡ್ಲ್‌ಸೆಕ್ಸ್ ಕೌಂಟಿ ಆ ಪಟ್ಟಿಯಲ್ಲಿತ್ತು.

ಸಂಖ್ಯೆಯ ಮುಂದಿನ ಅಕ್ಷರಗಳನ್ನು ಗಮನಿಸಿ. "ಇಎಂ" ಅಂದರೆ ತುರ್ತು ಘೋಷಣೆ. "ಡಿಆರ್" ಅಂದರೆ ಮೇಜರ್ ಡಿಸಾಸ್ಟರ್, ದೊಡ್ಡ ವಿಕೋಪ. ಎರಡೂ ಫೆಡರಲ್ ಘೋಷಣೆಯೇ. ಆದರೆ ಮುಂದೆ ಹೇಳುವ ದೊಡ್ಡ ಅನುಕೂಲ ಡಿಆರ್‌ಗೆ ಮಾತ್ರ.

ಆ ಅನುಕೂಲದ ಹೆಸರು "ಕ್ವಾಲಿಫೈಡ್ ಡಿಸಾಸ್ಟರ್ ಲಾಸ್". ಸದ್ಯದ ಕಾನೂನಿನಲ್ಲಿ ಇದಕ್ಕೆ ಸೇರಬೇಕಾದರೆ ಮೂರು ದಿನಾಂಕ ಹೊಂದಬೇಕು. ಅಧ್ಯಕ್ಷರ ಘೋಷಣೆ 2020ರ ಜನವರಿ 1ರಿಂದ 2025ರ ಸೆಪ್ಟೆಂಬರ್ 2ರ ಒಳಗೆ ಆಗಿರಬೇಕು. ವಿಕೋಪ ಶುರುವಾದದ್ದು 2019ರ ಡಿಸೆಂಬರ್ 28 ಅಥವಾ ಆಮೇಲೆ, 2025ರ ಜುಲೈ 4ರ ಒಳಗೆ ಇರಬೇಕು. ಮುಗಿದದ್ದು 2025ರ ಆಗಸ್ಟ್ 3 ದಾಟಿರಬಾರದು. ಕೋವಿಡ್ ಒಂದಕ್ಕೇ ಆದ ಘೋಷಣೆ ಲೆಕ್ಕಕ್ಕಿಲ್ಲ. ಹ್ಯೂಸ್ಟನ್‌ಗೆ 2024ರ ಜುಲೈನಲ್ಲಿ ಬಡಿದ ಬೆರಿಲ್ ಚಂಡಮಾರುತ, ಆ ಸೆಪ್ಟೆಂಬರ್‌ನ ಹೆಲೀನ್, ಅಕ್ಟೋಬರ್‌ನ ಮಿಲ್ಟನ್, 2025ರ ಜನವರಿಯ ಲಾಸ್ ಏಂಜಲೀಸ್ ಕಾಡ್ಗಿಚ್ಚು ಎಲ್ಲವೂ ಇದರೊಳಗೆ ಬರುತ್ತವೆ.

ವ್ಯತ್ಯಾಸ ಎಷ್ಟು ದೊಡ್ಡದು ಅಂತ ನಮ್ಮ ಮನೆಯ ಲೆಕ್ಕದಲ್ಲೇ ತೋರಿಸುತ್ತೇನೆ. ಫೆಮಾ ಕೊಟ್ಟ ಸಹಾಯಧನ ಕಳೆದ ಮೇಲೆ ನಮಗೆ ಉಳಿದ ನಷ್ಟ 18,600 ಡಾಲರ್. ಆ ವರ್ಷ ನಮ್ಮಿಬ್ಬರ ಎಜಿಐ, ಅಂದರೆ ರಿಟರ್ನ್‌ನಲ್ಲಿ ಬರುವ ಹೊಂದಾಣಿಕೆಯ ಒಟ್ಟು ಆದಾಯ, 1,72,000.

ಮಾಮೂಲಿ ನಿಯಮದಲ್ಲಿ ಮೊದಲು 100 ಡಾಲರ್ ಕಳೆಯಬೇಕು. ಉಳಿದದ್ದು 18,500. ಅದರಿಂದ ಎಜಿಐನ ಶೇ. 10, ಅಂದರೆ 17,200 ಕಳೆಯಬೇಕು. ಉಳಿದದ್ದು ಬರೀ 1,300. ಅದನ್ನೂ ಪಡೆಯಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಸರ್ಕಾರ ಗೊತ್ತುಮಾಡಿದ ಒಂದೇ ಮೊತ್ತದ ಕಡಿತ, ಬಿಟ್ಟು ಐಟಮೈಸ್ ಮಾಡಬೇಕು, ಅಂದರೆ ಖರ್ಚುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಕಳೆಯಬೇಕು. 2021ರಲ್ಲಿ ದಂಪತಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 25,100 ಇತ್ತು, ನಮ್ಮ ಉಳಿದ ಖರ್ಚು ಅದರ ಹತ್ತಿರವೂ ಬರುತ್ತಿರಲಿಲ್ಲ. ಹಾಗಾಗಿ ಸಿಕ್ಕಿದ್ದು ಸೊನ್ನೆ.

ಕ್ವಾಲಿಫೈಡ್ ನಿಯಮದಲ್ಲಿ 100ರ ಬದಲು 500 ಕಳೆಯುತ್ತಾರೆ. ಶೇ. 10ರ ಗೋಡೆಯೇ ಇಲ್ಲ. ಐಟಮೈಸ್ ಮಾಡುವ ಅಗತ್ಯವೂ ಇಲ್ಲ, ಸ್ಟ್ಯಾಂಡರ್ಡ್ ಡಿಡಕ್ಷನ್ ಮೇಲೇ ಸೇರಿಸಬಹುದು. 18,600ರಲ್ಲಿ 500 ಹೋಗಿ 18,100. ನಾವಿದ್ದದ್ದು ಶೇ. 22ರ ತೆರಿಗೆ ಹಂತದಲ್ಲಿ. ಉಳಿತಾಯ 3,982 ಡಾಲರ್. ಅದೇ ನೀರು, ಅದೇ ಬೇಸ್‌ಮೆಂಟ್, ಅದೇ ಬಿಲ್ಲುಗಳು.

2025ರ ಜುಲೈ 4 ದಾಟಿ ಶುರುವಾದ ವಿಕೋಪಗಳಿಗೆ ಸದ್ಯಕ್ಕೆ ಮಾಮೂಲಿ ನಿಯಮವೇ: 100 ಡಾಲರ್, ಶೇ. 10, ಐಟಮೈಸ್. ಆದರೂ ಕಾಗದ ಪತ್ರ ಎಸೆಯಬೇಡಿ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಈ ಅವಧಿಯನ್ನು ಹಿಂದೆ ಹಲವು ಸಲ ವಿಸ್ತರಿಸಿದೆ. ಐಡಾ ವಿಷಯದಲ್ಲಿ ಮೂರು ವರ್ಷ ತಡವಾಗಿ ವಿಸ್ತರಿಸಿತು. ರಿಟರ್ನ್ ತಿದ್ದಿ ಹಣ ಕೇಳಲು ಸಾಮಾನ್ಯವಾಗಿ ಸಲ್ಲಿಸಿದ ದಿನದಿಂದ ಮೂರು ವರ್ಷ ಸಮಯ ಇರುತ್ತದೆ. ನಮ್ಮ ಬೀದಿಯವರು ತಪ್ಪಿಸಿಕೊಂಡದ್ದು ಇದನ್ನೇ.

ಮೊದಲ ಹೆಜ್ಜೆ: ಇನ್ಶೂರೆನ್ಸ್ ಕ್ಲೇಮ್ ಹಾಕಿ

ಪ್ರೀಮಿಯಂ ಏರುತ್ತದೆ ಅಂತ ಕ್ಲೇಮ್ ಹಾಕದೆ ಬಿಡುವವರಿದ್ದಾರೆ. ಹಾಗೆ ಮಾಡಿದರೆ ಇನ್ಶೂರೆನ್ಸ್ ಕೊಡಬಹುದಾಗಿದ್ದ ಭಾಗವನ್ನು ತೆರಿಗೆಯಲ್ಲಿ ಕಳೆಯುವಂತಿಲ್ಲ. ಪಾಲಿಸಿಯ ಡಿಡಕ್ಟಿಬಲ್, ಅಂದರೆ ನೀವೇ ಹೊರಬೇಕಾದ ಮೊದಲ ಮೊತ್ತ, ಮಾತ್ರ ಲೆಕ್ಕಕ್ಕೆ ಉಳಿಯುತ್ತದೆ.

ಕ್ಲೇಮ್ ಇತ್ಯರ್ಥವಾಗಿಲ್ಲ, ಆದರೆ ಹಣ ಬರುವ ನ್ಯಾಯವಾದ ನಿರೀಕ್ಷೆ ಇದೆ ಅಂದರೆ, ಅಷ್ಟು ಭಾಗವನ್ನು ಈಗ ಕಳೆಯಬಾರದು. ಇತ್ಯರ್ಥವಾದ ವರ್ಷ ನೋಡಬೇಕು. ಇನ್ಶೂರೆನ್ಸ್ ಕೈಯೆತ್ತಿದರೆ ಆ ನಿರಾಕರಣೆಯ ಪತ್ರವನ್ನು ಜೋಪಾನ ಮಾಡಿ. ನಮ್ಮ ಫೈಲ್‌ನಲ್ಲಿ ಮೊದಲ ಹಾಳೆಯೇ ಅದು: "ಪ್ರವಾಹ ಈ ಪಾಲಿಸಿಯಲ್ಲಿ ಸೇರಿಲ್ಲ" ಅನ್ನುವ ಒಂದು ಪುಟ. ಓದುವಾಗ ಕಣ್ಣಲ್ಲಿ ನೀರು ಬಂದಿತ್ತು. ಲೆಕ್ಕಕ್ಕೆ ಮಾತ್ರ ಅದೇ ಆಧಾರವಾಯಿತು.

ಯಾವ ಹಣ ನಷ್ಟದಿಂದ ಕಳೆಯಬೇಕು, ಯಾವುದು ಬೇಡ? ರಿಪೇರಿಗೆಂದೇ ಬಂದ ಇನ್ಶೂರೆನ್ಸ್ ಹಣ, ಫೆಮಾ ಸಹಾಯಧನ ಕಳೆಯಬೇಕು. ಮನೆ ಬಿಟ್ಟು ಹೋಟೆಲ್‌ನಲ್ಲಿದ್ದಾಗ ಊಟ ವಸತಿಗೆಂದು ಇನ್ಶೂರೆನ್ಸ್ ಕೊಟ್ಟ ಹಣ ಕಳೆಯಬೇಕಿಲ್ಲ. ನೆಂಟರು, ಸ್ನೇಹಿತರು "ಇಟ್ಕೊಳ್ಳಿ, ಹೇಗೆ ಬೇಕಾದರೂ ಖರ್ಚು ಮಾಡಿ" ಅಂತ ಕೊಟ್ಟ ಹಣವನ್ನೂ ಕಳೆಯಬೇಕಿಲ್ಲ, ಅದರಿಂದ ರಿಪೇರಿ ಮಾಡಿಸಿದ್ದರೂ ಸರಿ.

ಎರಡನೇ ಹೆಜ್ಜೆ: ನಷ್ಟ ಎಷ್ಟು ಅಂತ ಗೊತ್ತುಮಾಡಿಕೊಳ್ಳಿ

ಇಲ್ಲೇ ಎಲ್ಲರೂ ಎಡವುವುದು. ಸೂತ್ರ ಹೀಗಿದೆ. ಎರಡು ಸಂಖ್ಯೆ ತಗೊಳ್ಳಿ. ಒಂದು, ಆಸ್ತಿಯ ಅಸಲು. ಕೊಂಡ ಬೆಲೆ, ಅದಕ್ಕೆ ಆಮೇಲೆ ಮಾಡಿಸಿದ ಸುಧಾರಣೆಯ ಖರ್ಚು ಸೇರಿಸಿ. ಇನ್ನೊಂದು, ವಿಕೋಪದ ಮುಂಚಿನ ಮಾರುಕಟ್ಟೆ ಬೆಲೆಗೂ ನಂತರದ ಬೆಲೆಗೂ ಇರುವ ಅಂತರ. ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಅದರಿಂದ ಇನ್ಶೂರೆನ್ಸ್ ಮತ್ತಿತರ ಪರಿಹಾರ ಕಳೆಯಿರಿ.

ಸ್ವಂತ ವಾಸದ ಮನೆಯಾದರೆ ಜಾಗ, ಕಟ್ಟಡ, ಮರ ಗಿಡ ಎಲ್ಲ ಸೇರಿ ಒಂದೇ ಆಸ್ತಿ. ಒಳಗಿನ ಸಾಮಾನು ಹಾಗಲ್ಲ. ಕಾರು ಬೇರೆ, ಫ್ರಿಡ್ಜ್ ಬೇರೆ, ಮಂಚ ಬೇರೆ. ಒಂದೊಂದಕ್ಕೂ ಅಸಲು, ಬೆಲೆ ಇಳಿಕೆ ಬರೆಯಬೇಕು. ಆದರೆ 100 ಅಥವಾ 500 ಡಾಲರ್ ಕಡಿತ ಮಾತ್ರ ಇಡೀ ಘಟನೆಗೆ ಒಂದೇ ಸಲ.

ಬೆಲೆ ಇಳಿಕೆ ತೋರಿಸಲು ಸರಿಯಾದ ದಾರಿ ಮೌಲ್ಯಮಾಪಕರ ವರದಿ. ಅದಕ್ಕೆ ಹಣ ಖರ್ಚಾಗುತ್ತದೆ, ಆ ಖರ್ಚು ನಷ್ಟದಲ್ಲಿ ಸೇರುವುದೂ ಇಲ್ಲ. ರಿಪೇರಿ ನಿಜವಾಗಿ ಮಾಡಿಸಿದ್ದರೆ, ಮೊದಲಿದ್ದ ಸ್ಥಿತಿಗೆ ತರಲು ಆದ ಖರ್ಚನ್ನೇ ಅಳತೆಯಾಗಿ ಬಳಸಬಹುದು. ಲ್ಯಾಮಿನೇಟ್ ಇದ್ದ ಕಡೆ ಮಾರ್ಬಲ್ ಹಾಕಿಸಿದರೆ ಆ ಹೆಚ್ಚಳ ಬರುವುದಿಲ್ಲ.

ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಕೆಲವು ಸುಲಭ ದಾರಿಗಳನ್ನೂ ಒಪ್ಪಿದೆ. ಇವುಗಳ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲ. ಮನೆಯ ನಷ್ಟ 20,000 ಡಾಲರ್ ಒಳಗಿದ್ದರೆ, ಲೈಸೆನ್ಸ್ ಇರುವ ಇಬ್ಬರು ಬೇರೆ ಬೇರೆ ಕಂಟ್ರಾಕ್ಟರ್‌ಗಳಿಂದ ಅಂದಾಜು ಪಡೆದು, ಕಡಿಮೆ ಇರುವುದನ್ನು ಬಳಸಬಹುದು. ನಾವು ಹಿಡಿದದ್ದು ಈ ದಾರಿಯನ್ನೇ. ನಷ್ಟ 5,000 ಡಾಲರ್ ಅಥವಾ ಕಡಿಮೆ ಇದ್ದರೆ ನೀವೇ ಪ್ರಾಮಾಣಿಕವಾಗಿ ಅಂದಾಜು ಬರೆದು, ಹೇಗೆ ಲೆಕ್ಕ ಹಾಕಿದಿರಿ ಅಂತ ದಾಖಲೆ ಇಟ್ಟರೆ ಸಾಕು. ಇನ್ಶೂರೆನ್ಸ್ ಕಂಪನಿ ಸಿದ್ಧಪಡಿಸಿದ ನಷ್ಟದ ವರದಿಯನ್ನೂ ಬಳಸಬಹುದು. ಫೆಡರಲ್ ವಿಕೋಪವಾದರೆ ಕಂಟ್ರಾಕ್ಟರ್ ಜೊತೆ ಸಹಿಯಾದ ಒಪ್ಪಂದದ ಮೊತ್ತ, ಅಥವಾ ವಿಕೋಪದ ಸಾಲಕ್ಕೆಂದು ಫೆಡರಲ್ ಸಂಸ್ಥೆ ಎಸ್‌ಬಿಎ ಮಾಡಿಸಿದ ಮೌಲ್ಯಮಾಪನವೂ ನಡೆಯುತ್ತದೆ.

ಮನೆ ಸಾಮಾನಿಗೆ ಇನ್ನೊಂದು ಸರಳ ಲೆಕ್ಕ ಇದೆ, ಫೆಡರಲ್ ವಿಕೋಪಕ್ಕೆ ಮಾತ್ರ. ಆ ವಸ್ತುವನ್ನು ಇವತ್ತು ಹೊಸದಾಗಿ ಕೊಳ್ಳಲು ಎಷ್ಟಾಗುತ್ತದೆ ನೋಡಿ. ನಿಮ್ಮ ಹತ್ತಿರ ಇದ್ದ ಒಂದೊಂದು ವರ್ಷಕ್ಕೂ ಶೇ. 10 ಇಳಿಸಿ. 800 ಡಾಲರ್‌ನ ವಾಷಿಂಗ್ ಮೆಷಿನ್, ನಾಲ್ಕು ವರ್ಷ ಹಳೆಯದು, ಬೆಲೆ 480. ಒಂಬತ್ತು ವರ್ಷ ಅಥವಾ ಜಾಸ್ತಿ ಹಳೆಯದಕ್ಕೆ ಹೊಸ ಬೆಲೆಯ ಶೇ. 10. ಕಾರು, ದೋಣಿ, ಪುರಾತನ ವಸ್ತುಗಳಿಗೆ ಈ ದಾರಿ ಇಲ್ಲ.

ಅಮ್ಮನ ಸೀರೆಗಳಿಗೆ ನಾನು ಬರೆದ ಮೊತ್ತ ಬಹಳ ಸಣ್ಣದು. ನೆನಪಿನ ಬೆಲೆಯನ್ನು ಯಾವ ಫಾರ್ಮ್ ಕೂಡ ಕೇಳುವುದಿಲ್ಲ. ಹಾಗಂತ ಪಟ್ಟಿಯಿಂದ ಬಿಡಲೂ ಇಲ್ಲ. ಒಂಬತ್ತು ಸೀರೆ, ಒಂಬತ್ತು ಸಾಲು.

ಮೂರನೇ ಹೆಜ್ಜೆ: ಫಾರ್ಮ್ ತುಂಬುವುದು

ಬೇಕಾದದ್ದು ಫಾರ್ಮ್ 4684. ಅದರಲ್ಲಿ ನಾಲ್ಕು ಭಾಗ. ಸೆಕ್ಷನ್ ಎ ಸ್ವಂತ ಬಳಕೆಯ ಆಸ್ತಿಗೆ. ಸೆಕ್ಷನ್ ಬಿ ವ್ಯಾಪಾರ, ಬಾಡಿಗೆ, ಹೂಡಿಕೆಯ ಆಸ್ತಿಗೆ. ಸೆಕ್ಷನ್ ಸಿ ಪಾಂಜಿ ಮಾದರಿಯ, ಅಂದರೆ ಹೊಸಬರ ಹಣವನ್ನೇ ಹಳಬರಿಗೆ ಲಾಭ ಅಂತ ಹಂಚುವ, ಮೋಸಕ್ಕೆ. ಸೆಕ್ಷನ್ ಡಿ ನಷ್ಟವನ್ನು ಹಿಂದಿನ ವರ್ಷಕ್ಕೆ ಒಯ್ಯುವ ಆಯ್ಕೆಗೆ.

ಸೆಕ್ಷನ್ ಎ ಮೇಲ್ಭಾಗದಲ್ಲಿ ಫೆಮಾ ಸಂಖ್ಯೆ ಬರೆಯಿರಿ. ಒಂದೊಂದು ಆಸ್ತಿಗೂ ಒಂದೊಂದು ಕಂಬಸಾಲು. ಸಾಮಾನು ಜಾಸ್ತಿ ಇದ್ದರೆ ಬೇರೆ ಹಾಳೆ ಲಗತ್ತಿಸಿ. ಮಾಮೂಲಿ ವಿಕೋಪ ನಷ್ಟ, ಐಟಮೈಸ್ ಮಾಡುವ ಹಾಳೆಯಾದ ಶೆಡ್ಯೂಲ್ ಎ 15ನೇ ಸಾಲಿಗೆ ಹೋಗುತ್ತದೆ. ಕ್ವಾಲಿಫೈಡ್ ನಷ್ಟ 16ನೇ ಸಾಲಿಗೆ. ಐಟಮೈಸ್ ಮಾಡದವರು ಆ 16ನೇ ಸಾಲಿನ ಪಕ್ಕದಲ್ಲಿ ನಷ್ಟದ ಮೊತ್ತ, ಸ್ಟ್ಯಾಂಡರ್ಡ್ ಡಿಡಕ್ಷನ್ ಎರಡನ್ನೂ ಹೆಸರಿಸಿ ಬರೆದು, ಒಟ್ಟು ಮೊತ್ತವನ್ನು ಮುಖ್ಯ ರಿಟರ್ನ್ ಫಾರ್ಮ್ ಆದ 1040ಕ್ಕೆ ತರಬೇಕು. ತೆರಿಗೆ ಸಾಫ್ಟ್‌ವೇರ್‌ನಲ್ಲಿ ಸುಮ್ನೆ "ಸ್ಟ್ಯಾಂಡರ್ಡ್" ಒತ್ತಿ ಮುಂದೆ ಹೋದರೆ ಇದು ತಪ್ಪಿಹೋಗಬಹುದು. ಕೊನೆಯಲ್ಲಿ ಪಿಡಿಎಫ್ ತೆರೆದು ಕಣ್ಣಾರೆ ನೋಡಿ. ಹಳೆಯ ವರ್ಷದ್ದಾದರೆ ತಿದ್ದುಪಡಿ ಫಾರ್ಮ್ ಆದ 1040-ಎಕ್ಸ್ ಜೊತೆ ಆ ವರ್ಷದ ಫಾರ್ಮ್ 4684 ಇಡಿ.

ವಿದ್ಯಾರ್ಥಿಗಳು, ಹೊಸದಾಗಿ ಬಂದವರು ಅನಿವಾಸಿಗಳ ರಿಟರ್ನ್ ಆದ 1040-ಎನ್‌ಆರ್ ತುಂಬುವವರಾಗಿದ್ದರೆ, ಅದರ ಶೆಡ್ಯೂಲ್ ಎಯಲ್ಲೂ ವಿಕೋಪ ನಷ್ಟಕ್ಕೆ ಸಾಲಿದೆ. ರಾಜ್ಯದ ತೆರಿಗೆ ಬೇರೆಯೇ ಲೆಕ್ಕ, ಫೆಡರಲ್‌ನಲ್ಲಿ ಸಿಕ್ಕಿದ್ದು ಅಲ್ಲೂ ಸಿಗುತ್ತದೆ ಅಂತ ಎಣಿಸಬೇಡಿ.

ಹಿಂದಿನ ವರ್ಷಕ್ಕೆ ಒಯ್ಯುವ ಆಯ್ಕೆ

ಫೆಡರಲ್ ಘೋಷಣೆಯ ವಿಕೋಪವಾದರೆ ಆ ನಷ್ಟವನ್ನು ಅದೇ ವರ್ಷದ ಬದಲು ಹಿಂದಿನ ವರ್ಷದ ರಿಟರ್ನ್‌ನಲ್ಲಿ ಕಳೆಯಬಹುದು. ಉದಾಹರಣೆಗೆ 2026ರ ಬೇಸಿಗೆಯಲ್ಲಿ ಮನೆ ಹಾಳಾದರೆ, ಆಗಲೇ 2025ರ ರಿಟರ್ನ್ ತಿದ್ದಿ ಹಣ ಕೇಳಬಹುದು. ಮರುವರ್ಷದ ಏಪ್ರಿಲ್‌ವರೆಗೆ ಕಾಯಬೇಕಿಲ್ಲ. ಕಂಟ್ರಾಕ್ಟರ್ ಮುಂಗಡ ಕೇಳುತ್ತಾ ನಿಂತಿರುವಾಗ ಇದು ದೊಡ್ಡ ಆಸರೆ. ಕೊನೆಯ ದಿನ, ವಿಕೋಪದ ವರ್ಷದ ರಿಟರ್ನ್‌ನ ಮಾಮೂಲಿ ಗಡುವಿನಿಂದ ಆರು ತಿಂಗಳು. 2025ರ ವಿಕೋಪಕ್ಕೆ 2026ರ ಅಕ್ಟೋಬರ್ 15. 2026ರದ್ದಕ್ಕೆ 2027ರ ಅಕ್ಟೋಬರ್ 15.

ಎರಡೂ ವರ್ಷದ ಲೆಕ್ಕ ಹಾಕಿ ನೋಡಿ. ಶೇ. 10ರ ನಿಯಮ ಇರುವ ಕಡೆ, ಆದಾಯ ಕಡಿಮೆ ಇದ್ದ ವರ್ಷದಲ್ಲಿ ಜಾಸ್ತಿ ಸಿಗುತ್ತದೆ. ಒಬ್ಬರಿಗೆ ಕೆಲಸ ಹೋಗಿದ್ದ ವರ್ಷ, ಹೆರಿಗೆ ರಜೆಯ ವರ್ಷ ಇತ್ಯಾದಿ.

ಹಳೆಯ ರಿಟರ್ನ್‌ಗಳೂ ನೀರಲ್ಲಿ ಹೋಗಿದ್ದರೆ ಫಾರ್ಮ್ 4506 ಮೇಲೆ ವಿಕೋಪದ ಹೆಸರು ಬರೆದು ಕಳಿಸಿ, ಪ್ರತಿಗೆ ಶುಲ್ಕ ತಗೊಳ್ಳುವುದಿಲ್ಲ. ವಿಕೋಪ ಪ್ರದೇಶಕ್ಕೆ ಐಆರ್‌ಎಸ್ ಗಡುವುಗಳನ್ನೂ ಮುಂದೂಡುತ್ತದೆ. 2025ರಲ್ಲಿ ಲಾಸ್ ಏಂಜಲೀಸ್ ಕೌಂಟಿಯವರಿಗೆ ಅಕ್ಟೋಬರ್ 15ರವರೆಗೆ ಸಮಯ ಕೊಟ್ಟಿತ್ತು.

ಆನ್‌ಲೈನ್ ಮೋಸ: ಇಲ್ಲಿ ಬಾಗಿಲು ಪೂರ್ತಿ ಮುಚ್ಚಿಲ್ಲ

ಮೋಸ ಹೋದವರು ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಹಾಗಾಗಿ ಈ ಭಾಗವನ್ನು ನಿಧಾನವಾಗಿ ಓದಿ, ಬೇಕಾದವರಿಗೆ ತಲುಪಿಸಿ.

ತೆರಿಗೆ ಕಾನೂನಿನ 165ನೇ ಸೆಕ್ಷನ್ ಲಾಭದ ಉದ್ದೇಶದಿಂದ ಕೈಹಾಕಿದ ವ್ಯವಹಾರದಲ್ಲಿ ಆದ ನಷ್ಟವನ್ನು ಬೇರೆಯಾಗಿ ನೋಡುತ್ತದೆ. ಅದಕ್ಕೆ ವಿಕೋಪದ ನಿರ್ಬಂಧ ಇಲ್ಲ. 2025ರ ಮಾರ್ಚ್‌ನಲ್ಲಿ ಐಆರ್‌ಎಸ್‌ನ ಮುಖ್ಯ ವಕೀಲರ ಕಚೇರಿ ಒಂದು ಸಲಹಾ ಟಿಪ್ಪಣಿಯಲ್ಲಿ ಐದು ಸನ್ನಿವೇಶ ತಗೊಂಡು ಇದನ್ನು ಬಿಡಿಸಿ ಹೇಳಿತು. ಅದು ಕೋರ್ಟಿನ ತೀರ್ಪಲ್ಲ, ಆದರೂ ಇಲಾಖೆ ಹೇಗೆ ಯೋಚಿಸುತ್ತದೆ ಅನ್ನುವುದಕ್ಕೆ ಒಳ್ಳೆಯ ದಾರಿದೀಪ.

ಕಳೆಯಬಹುದಾದವು ಮೂರು. ನಕಲಿ ಕ್ರಿಪ್ಟೊ ಅಥವಾ ಶೇರು ತಾಣದಲ್ಲಿ ಹೂಡಿಕೆ ಮಾಡಿಸಿ ನುಂಗಿದ್ದು. ಬ್ಯಾಂಕಿನವರು ಅಂತ ಫೋನ್ ಮಾಡಿ, "ನಿಮ್ಮ ಖಾತೆಗೆ ಕನ್ನ ಬಿದ್ದಿದೆ, ಹಣ ಹೊಸ ಖಾತೆಗೆ ಹಾಕಿ" ಅಂತ ಹೂಡಿಕೆಯ ಹಣ ಎತ್ತಿದ್ದು. ಮೋಸದ ಇಮೇಲ್‌ನಿಂದ ಪಾಸ್‌ವರ್ಡ್ ಕದ್ದು ಹೂಡಿಕೆ ಖಾತೆ ಖಾಲಿ ಮಾಡಿದ್ದು. ಮೂರರಲ್ಲೂ ಹಣದ ಹಿಂದೆ ಇದ್ದದ್ದು ಹೂಡಿಕೆಯ, ಅದನ್ನು ಉಳಿಸಿಕೊಳ್ಳುವ ಉದ್ದೇಶ.

ಕಳೆಯಲಾಗದವು ಎರಡು. ಪ್ರೀತಿಯ ನಾಟಕವಾಡಿ, ಕಾಯಿಲೆ ಕಷ್ಟ ಅಂತ ಹೇಳಿ ಪಡೆದದ್ದು. ಮೊಮ್ಮಗನನ್ನು ಅಪಹರಿಸಿದ್ದೇವೆ ಅಂತ ಹೆದರಿಸಿ ಕಿತ್ತದ್ದು. ಇಲ್ಲಿ ಲಾಭದ ಉದ್ದೇಶ ಇರಲಿಲ್ಲ ಅನ್ನುವುದು ಅವರ ವಾದ. ಮಗುವಿಗೆ ಏನಾಯಿತೋ ಅಂತ ನಡುಗುತ್ತಾ ಹಣ ಕಳಿಸಿದ ಅಜ್ಜಿಗೆ ಏನೂ ಇಲ್ಲ, ಹೂಡಿಕೆ ಅಂತ ಕಳಿಸಿದವರಿಗೆ ಇದೆ. ಇದು ನನಗೆ ನ್ಯಾಯ ಅನ್ನಿಸುವುದಿಲ್ಲ. ವಲಸೆ ಅಧಿಕಾರಿ ಅಂತ ಫೋನ್ ಮಾಡಿ ವೀಸಾ ರದ್ದಾಗುತ್ತದೆ ಅಂತ ನಮ್ಮ ವಿದ್ಯಾರ್ಥಿಗಳನ್ನು ಹೆದರಿಸುತ್ತಾರಲ್ಲ, ಅದಕ್ಕೂ ಇದೇ ತರ್ಕ ಅನ್ವಯಿಸುತ್ತದೆ.

ಕಳೆಯಲು ಬೇಕಾದದ್ದು ಇಷ್ಟು. ಆ ಕೃತ್ಯ ನಿಮ್ಮ ರಾಜ್ಯದ ಕಾನೂನಿನಲ್ಲಿ ಕಳ್ಳತನ ಅಥವಾ ವಂಚನೆ ಆಗಿರಬೇಕು. ಮೋಸ ಗೊತ್ತಾದ ವರ್ಷವೇ ನಷ್ಟದ ವರ್ಷ. ಹಣ ವಾಪಸ್ ಬರುವ ನ್ಯಾಯವಾದ ನಿರೀಕ್ಷೆ ಉಳಿದಿರಬಾರದು. ಆದ್ದರಿಂದ ಗೊತ್ತಾದ ದಿನವೇ ಬ್ಯಾಂಕಿಗೆ ಹೇಳಿ. ಪೊಲೀಸರಿಗೆ ದೂರು ಕೊಡಿ. ಎಫ್‌ಬಿಐನ ಐಸಿ3 ತಾಣದಲ್ಲಿ ದೂರು ದಾಖಲಿಸಿ. ಚಾಟ್, ಇಮೇಲ್, ವ್ಯಾಲೆಟ್ ವಿಳಾಸ, ವೈರ್ ರಸೀದಿ ಎಲ್ಲದರ ಪ್ರತಿ ಇಡಿ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ಹೂಡಿಕೆ ಅಂತಲೇ ಹಣ ಕೊಟ್ಟಿರಿ ಅನ್ನುವುದಕ್ಕೆ ಅದೇ ಸಾಕ್ಷಿ.

ನಷ್ಟ ಅಂದರೆ ನೀವು ನಿಜವಾಗಿ ಹಾಕಿದ ಹಣ. 40,000 ಡಾಲರ್ ಹಾಕಿದಿರಿ, ಆ ನಕಲಿ ತಾಣ 1,90,000 ತೋರಿಸುತ್ತಿತ್ತು ಅಂದರೆ ನಷ್ಟ 40,000. ನಿವೃತ್ತಿ ಖಾತೆಯಿಂದ ತೆಗೆದು ಕೊಟ್ಟಿದ್ದರೆ, ತೆಗೆದ ಮೊತ್ತಕ್ಕೆ ಆದಾಯ ತೆರಿಗೆ ಬೀಳುತ್ತದೆ ಅನ್ನುವುದನ್ನೂ ಮರೆಯಬೇಡಿ. ಲೆಕ್ಕ ಫಾರ್ಮ್ 4684 ಸೆಕ್ಷನ್ ಬಿಯಲ್ಲಿ, ಅಲ್ಲಿಂದ ಶೆಡ್ಯೂಲ್ ಎ 16ನೇ ಸಾಲಿಗೆ. ಶೇ. 10ರ ನಿಯಮ ಇಲ್ಲ, ಆದರೆ ಐಟಮೈಸ್ ಮಾಡಲೇಬೇಕು. ಪಾಂಜಿ ಯೋಜನೆಯಾಗಿದ್ದು, ಮುಖ್ಯ ಆರೋಪಿಯ ಮೇಲೆ ಕ್ರಿಮಿನಲ್ ಆರೋಪ ದಾಖಲಾಗಿದ್ದರೆ ಸೆಕ್ಷನ್ ಸಿಯ ಸುಲಭ ದಾರಿ ಇದೆ. ಬೇರೆಯವರಿಂದ ವಸೂಲಿಗೆ ಪ್ರಯತ್ನಿಸುತ್ತಿಲ್ಲವಾದರೆ ಅರ್ಹ ಹೂಡಿಕೆಯ ಶೇ. 95, ಪ್ರಯತ್ನಿಸುತ್ತಿದ್ದರೆ ಶೇ. 75. ಅದರಿಂದ ಆಗಲೇ ಬಂದ ಹಣ, ಖಚಿತವಾಗಿ ಬರಬೇಕಾದ ಹಣ ಕಳೆಯಬೇಕು.

ಮೊತ್ತ ದೊಡ್ಡದಿದ್ದರೆ ಇದನ್ನು ನೀವೇ ಮಾಡಬೇಡಿ. ಇಂಥ ಕೇಸು ಮೊದಲು ಮಾಡಿರುವ ಸಿಪಿಎ (ಲೈಸೆನ್ಸ್ ಇರುವ ಲೆಕ್ಕಿಗರು) ಅಥವಾ ಎನ್‌ರೋಲ್ಡ್ ಏಜೆಂಟ್ (ಐಆರ್‌ಎಸ್ ಮಾನ್ಯತೆಯ ತೆರಿಗೆ ಸಲಹೆಗಾರರು) ಹುಡುಕಿ. ವಿಕೋಪದ ನಷ್ಟ ನೀವೇ ಮಾಡಿಕೊಳ್ಳಬಹುದು, ಇದು ಹಾಗಲ್ಲ.

ಊರಿನ ಮನೆ?

ಕೊಡಗಿನಲ್ಲಿ 2018ರ ಭೂಕುಸಿತದ ನಂತರ ಒಬ್ಬರು ಕೇಳಿದ್ದರು: ಊರಿನ ನಮ್ಮ ಮನೆ ಹೋಯಿತು, ಇಲ್ಲಿ ಕಳೆಯಬಹುದಾ? ಅಮೆರಿಕದ ಅಧ್ಯಕ್ಷರ ಘೋಷಣೆ ಅಲ್ಲಿಗೆ ಬರುವುದಿಲ್ಲ. ಸ್ವಂತಕ್ಕೆ ಇಟ್ಟುಕೊಂಡ ಮನೆಯಾದರೆ ಇಲ್ಲ. ಬಾಡಿಗೆಗೆ ಕೊಟ್ಟು ಆ ಆದಾಯವನ್ನು ಇಲ್ಲಿನ ರಿಟರ್ನ್‌ನಲ್ಲಿ ತೋರಿಸುತ್ತಿದ್ದರೆ ವಿಷಯ ಬೇರೆ. ಅದು ಆದಾಯ ತರುವ ಆಸ್ತಿ, ಸೆಕ್ಷನ್ ಬಿಯಲ್ಲಿ ಲೆಕ್ಕ ಹಾಕಬಹುದು.

ಈ ವಾರ ಮಾಡಿಡಬಹುದಾದ ಕೆಲಸ

ಐಆರ್‌ಎಸ್‌ನ ಪಬ್ಲಿಕೇಶನ್ 584 ಉಚಿತವಾಗಿ ಸಿಗುತ್ತದೆ. ಕೋಣೆ ಕೋಣೆಗೆ ಸಾಮಾನಿನ ಪಟ್ಟಿ ಅದರಲ್ಲಿ ಸಿದ್ಧವಾಗಿದೆ, ತುಂಬಿದರೆ ಸಾಕು. ನಿಯಮಗಳಿಗೆ ಪಬ್ಲಿಕೇಶನ್ 547. ಮನೆ ಕೊಂಡಾಗಿನ ಕ್ಲೋಸಿಂಗ್ ಕಾಗದ, ಅಡುಗೆಮನೆ ಹೊಸದು ಮಾಡಿಸಿದ ಬಿಲ್ಲು, ಒಡವೆಯ ರಸೀದಿ ಫೋಟೋ ತೆಗೆದು ಕ್ಲೌಡ್‌ನಲ್ಲಿಡಿ. ರೂಪಾಯಿಯ ರಸೀದಿಗೆ ಆ ದಿನದ ವಿನಿಮಯ ದರವನ್ನೂ ಪಕ್ಕದಲ್ಲಿ ಬರೆದಿಡಿ.

ಆಮೇಲೆ ಫೋನ್ ಹಿಡಿದು ಮನೆ ಪೂರ್ತಿ ಒಂದು ಸುತ್ತು ಹಾಕಿ. ಬೀರು ತೆಗೆಯಿರಿ, ಡ್ರಾಯರ್ ಎಳೆಯಿರಿ, ಫರ್ನೆಸ್ ಮೇಲಿನ ಮಾಡೆಲ್ ನಂಬರ್ ಹತ್ತಿರದಿಂದ ತೋರಿಸಿ, ಯಾವುದನ್ನು ಯಾವಾಗ ಎಷ್ಟಕ್ಕೆ ತಗೊಂಡಿರಿ ಅಂತ ಬಾಯಲ್ಲಿ ಹೇಳುತ್ತಾ ಹೋಗಿ. ನಮ್ಮ ವಿಡಿಯೋ ಹದಿನಾಲ್ಕು ನಿಮಿಷ ಇದೆ. ಪ್ರತಿ ಯುಗಾದಿಗೆ ಹೊಸದಾಗಿ ತೆಗೆಯುತ್ತೇವೆ. ಒಂದು ಪ್ರತಿ ಮೈಸೂರಿನಲ್ಲಿ ತಂಗಿಯ ಹತ್ತಿರ ಇದೆ.